ಕಾರ್ಡ್‌ಲೆಸ್ ಮೈಕ್

ಅರಕೇರಾ

ಕಿರಣಕುಮಾರ ಸರ್ ಅವರಿಗೆ ಆಶಾ ಕಾರ್ಯಕರ್ತೆ ಉಮಾದೇವಿಯ ನಮಸ್ಕಾರ.

ನಮ್ಮ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವೆಂದು ಫೋನ್ ಹೋಗಲೆಂದು ನೀವು ತಂದು ಕೂಡಿಸಿದ ರೇಡಿಯೊ ಪೆಟ್ಟಿಗೆ ಕೆಟ್ಟಿಲ್ಲ. ಬಿಚ್ಚಿ ನೋಡಲು ಯಾರನ್ನೂ ಕಳಿಸಬೇಡಿ.

"ಅದು ಮೊದಲು ಕಿವಿಗೊಟ್ಟು ಕೇಳ್ತದ್ರಿ. ತರಂಗ ಖಾಲಿ ಇದ್ರ ಮಾತಾಡ್ತದ, ಹಕ್ಕಿದ್ದವರು ಬಂದ್ರ ತಾನಾ ಸುಮ್ಮನಾಗ್ತದ" ಎಂದು ನೀವೇ ಹೇಳಿದ್ದಿರಿ. ಅದು ಹಾಗೆಯೇ ಮಾಡಿತು.

ಪೆಟ್ಟಿಗೆಯ ಉದ್ಘಾಟನೆಗೆ ಕಾರ್ಡ್‌ಲೆಸ್ ಮೈಕ್ ತಂದವರೂ ನೀವೇ. ಪೆಟ್ಟಿಗೆಗಿದ್ದದ್ದು ಒಂದೇ ತರಂಗ. ಅದರ ಮೇಲಿನ ಹಕ್ಕು ಮೈಕಿನದು. ಅದೇ ತರಂಗದಲ್ಲಿ ನಿಮ್ಮ ಸಾಹೇಬರು ಮಾತಾಡುವಷ್ಟು ಹೊತ್ತೂ ಅದು ದಾರಿ ಬಿಟ್ಟು ಸುಮ್ಮನಿತ್ತು.

ಆಗ ಮನೆಯಲ್ಲಿ ನನ್ನ ತಂಗಿ ಮೇಘಾಳಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಇದ್ದೆ, ಒಂದು ಕರೆಯೂ ಹೋಗಲಿಲ್ಲ. ಹೊರಗೆ ಚಪ್ಪಾಳೆ ಕೇಳುತ್ತಿತ್ತು. ಕೊನೆಗೆ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹೊರಟೆವು. ದೇವದುರ್ಗದ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಳು. ಕೂಸು ಹುಷಾರಾಗಿದೆ.

ಗುರುವಾರ ಅವಳ ಶ್ರದ್ಧಾಂಜಲಿ ಸಭೆಗೆ ಸಾಹೇಬರು ಬಂದು ನಾಲ್ಕು ಮಾತಾಡುತ್ತಾರೆಂದು ಹೇಳಿ ಕಳಿಸಿದ್ದೀರಿ. ಬರಲಿ. ಆ ಮೈಕ್ ಮಾತ್ರ ತರಬೇಡಿ. ಪಕ್ಕದ ಮನೆಯ ಕನಕಮ್ಮನಿಗೆ ದಿನ ತುಂಬಿವೆ.

ಉಮಾದೇವಿ,
ಮೇಘಾಳ ಅಕ್ಕ