ನಿನ್ನ ಕೋಣೆಗೆ ಹೊಸ ನೆಲ

ಅವ್ವಾ,

ನೀನು ಹೋದ ಮೇಲೆ ಮೊದಲ ಸಲ ನಿನ್ನೆ ಊರಿಗೆ, ಬೆಳಗಲಿಗೆ, ಹೋಗಿದ್ದೆ. ಅಣ್ಣ ನಿನ್ನ ಕೋಣೆಗೆ ಹೊಸ ನೆಲ ಹಾಕಿಸುತ್ತಿದ್ದ. ಮುಧೋಳದಿಂದ ಬಂದ ಇಬ್ಬರು ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತೆಳು ಫೋಮ್ ಹಾಸಿ, ಕಟ್ಟಿಗೆ ಬಣ್ಣದ ಲ್ಯಾಮಿನೇಟ್ ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೂಡಿಸುತ್ತಿದ್ದರು.

"ಯಾರಿಗಣ್ಣಾ ಇದು?" ಎಂದೆ.

"ನಾಯಿಮರಿಗೋಳಿಗೆ. ಕಾಂಕ್ರೀಟ್ ಭಾಳ ಥಂಡಿ. ಪಾಪ, ಅವುಕ್ಕ ಕೀಲು ಹಿಡಿತಾವ."

ಮುಧೋಳ ನಾಯಿ ಸಾಕುವವನಲ್ಲವೇ, ಅವುಗಳ ಕೀಲುನೋವು ಅವನಿಗೆ ತಿಳಿಯುತ್ತದೆ. "ನೆಲಾ ಕೊರಿತೈತಪಾ, ಏನರ ಹಾಸಿಕೊಡು" ಎಂದು ನೀನು ಕೇಳಿದಾಗ, "ವಯಸ್ಸಾದ ಮ್ಯಾಲ ಹಂಗ ಬೇ" ಎಂದು ಎದ್ದುಹೋದವನೂ ಅವನೇ.

ಸಂಜೆ ಮರಿಗಳನ್ನು ಒಳಗೆ ಬಿಟ್ಟ. ನುಣುಪು ನೆಲದ ಮೇಲೆ ನಾಲ್ಕು ಕಾಲೂ ನಾಲ್ಕು ಕಡೆ ಜಾರಿದವು. ಕುಂಯ್‌ಗುಡುತ್ತ ಹೊರಗೋಡಿ ಅಂಗಳದ ಮಣ್ಣಿನಲ್ಲಿ ಮಲಗಿಬಿಟ್ಟವು. ನಾನು ಜೋರಾಗಿ ನಕ್ಕೆ. ಅಣ್ಣನ ಮುಖ ಕಪ್ಪಿಟ್ಟಿತು.

"ನಗಬ್ಯಾಡ ಮಾಯಾ. ನೀ ಬಂದಾಗ ಮಲಗಾಕರ ಆತು" ಎಂದ.

ಅವನು ಆಚೆ ಹೋದ ಮೇಲೆ ಬರಿಗಾಲಲ್ಲಿ ಒಳಗೆ ಹೋಗಿ ನಿಂತೆ. ನೆಲ ಬೆಚ್ಚಗಿತ್ತು, ಅವ್ವಾ. ಜಾರಿದ್ದರೂ ಚಿಂತೆಯಿರಲಿಲ್ಲ, ಅದು ಬೆಚ್ಚಗಿದ್ದದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಹೊರಡುವಾಗ ವೈನಿ, "ಅತ್ತಿಯವರ ಟ್ರಂಕಿನ್ಯಾಗ ಇದ್ದುವು, ನೀವ ಒಯ್ರಿ" ಎಂದು ಒಂದು ಚೀಲ ಕೊಟ್ಟಳು. ಕಾಲು ಹಿಡಿದಾವೆಂದು ನೀನು ಫೋನ್ ಮಾಡಿದಾಗಲೆಲ್ಲ ನಾನು ಬರದೆ ಜಮಖಂಡಿಯಿಂದ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದ ಉಣ್ಣೆಯ ಕಾಲುಚೀಲಗಳು. ಒಂದು ಜೋಡಿಯನ್ನೂ ನೀನು ಕವರಿನಿಂದ ಹೊರತೆಗೆದಿರಲಿಲ್ಲ.