ಸೋಮವಾರದ ಮಾತ್ರೆ

ಅಜ್ಜಂಪುರ
ಬುಧವಾರ, 20 ಆಗಸ್ಟ್ 2025

ಚಿ. ಸೌ. ದೀಪಶ್ರೀಗೆ ಅಮ್ಮನ ಆಶೀರ್ವಾದಗಳು.

ನಾನು ಮಲ್ಲಿಕಾಂಬ. ದಿವಂಗತ ಬೆನಕಪ್ಪನವರ ಹೆಂಡತಿ, ಅವರು ಕೊಟ್ಟ ಜಾಗದಲ್ಲಿ ಬುಕ್ಕಾಂಬುಧಿ ರಸ್ತೆಯಲ್ಲಿ ನಡೆಯುತ್ತಿರುವ ವೃದ್ಧರ ನಿಲಯಕ್ಕೆ ಹನ್ನೊಂದು ವರ್ಷದಿಂದ ಅಧ್ಯಕ್ಷೆ, ತರೀಕೆರೆಯಲ್ಲಿ ಎಸ್ಸೆಸ್ಸೆಲ್ಸಿ ಮೊದಲನೇ ದರ್ಜೆಯಲ್ಲಿ ಪಾಸಾದವಳು. ಇಪ್ಪತ್ಮೂರು ಜನ ಹಿರಿಯರು ನನ್ನ ಮಾತಿನಂತೆ ಏಳುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ನಿನಗೆ ಇದೆಲ್ಲ ಗೊತ್ತು. ಆದರೂ ಮೊದಲೇ ಬರೆದಿಡುತ್ತೇನೆ. ಮುಂದೆ ಓದುವಾಗ ಇದನ್ನು ಬರೆದವಳು ನಿನ್ನ ಅಮ್ಮನೇ ಹೌದೋ ಅಲ್ಲವೋ ಎಂದು ನಿನಗೆ ಅನುಮಾನ ಬರಬಹುದು.

ಮೇ ತಿಂಗಳಲ್ಲಿ ನೀನು ಪಾಠ ಮಾಡುವ ಶಿವಮೊಗ್ಗದ ಕಾಲೇಜಿನಿಂದ ನಿನ್ನ ಶಿಷ್ಯೆ ನಯನಳನ್ನು ಕಳಿಸಿದೆ. ನರ್ಸಿಂಗ್ ಮುಗಿಸಿ ಇನ್ನೂ ಎರಡು ವರ್ಷ ಓದಿ ನರ್ಸ್ ಪ್ರಾಕ್ಟೀಷನರ್ ಆದವಳು, ಹಿರಿಯರನ್ನು ತಾನೇ ಪರೀಕ್ಷೆ ಮಾಡುತ್ತಾಳೆ, ಡಾಕ್ಟರು ಬರೆದುಕೊಟ್ಟ ಮಿತಿಯೊಳಗೆ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾಳೆ ಎಂದು ನೀನು ಹೇಳಿದೆ. ಅರ್ಧ ಡಾಕ್ಟರು ನಮಗೆ ಬೇಡ, ಮೂರು ತಿಂಗಳು ಇಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿಸುತ್ತೇನೆ ಎಂದೆ ನಾನು. ಊರವರ ಮೈ ತೊಳೆಯುವ ಕೆಲಸ ಕಲಿತು ಅದನ್ನೇ ಪಾಠ ಮಾಡುತ್ತೀಯ ಎಂದೂ ಅಂದೆ. ನೀನು ಫೋನ್ ಇಟ್ಟೆ. ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ.

ತರೀಕೆರೆಯ ಡಾಕ್ಟರ್ ಮೃತ್ಯುಂಜಯ ತಿಂಗಳಿಗೊಮ್ಮೆ ಬಂದು ಒಂದೂವರೆ ಗಂಟೆಯಲ್ಲಿ ಇಪ್ಪತ್ಮೂರು ಜನರನ್ನೂ ನೋಡಿ ಹೋಗುವವರು. ನಯನಳಿಗೆ ಅಧಿಕಾರ ಕೊಡುವ ಕಾಗದಕ್ಕೆ ಅವರು ಜೂನ್‌ನಲ್ಲೇ ಸಹಿ ಹಾಕಿದ್ದರು. ಅಧ್ಯಕ್ಷರ ಸಹಿ ಬಾಕಿ ಇತ್ತು. ಕಾಗದವನ್ನು ನನ್ನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದೆ. ಔಷಧಿ ಬೀರುವಿನ ಕೀಲಿ ಯಾವತ್ತಿನಂತೆ ನನ್ನ ಸೊಂಟದಲ್ಲೇ ಇತ್ತು.

ಸಹಿ ಇಲ್ಲದಿದ್ದರೂ ಆ ಹುಡುಗಿ ಸುಮ್ಮನೆ ಕೂರಲಿಲ್ಲ. ಬಂದ ವಾರವೇ ಎಲ್ಲರ ಪಾದ ನೋಡಿದಳು. ಒಬ್ಬೊಬ್ಬರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳ ಸಂದಿ ಬಿಡಿಸಿ. ಕಡೂರು ಡಿಪೋದಲ್ಲಿ ಕಂಡಕ್ಟರ್ ಆಗಿದ್ದ ಲಕ್ಷ್ಮಣಪ್ಪ ಸುಮ್ಮನಿರುವ ಪೈಕಿಯೇ? "ಡಾಕ್ಟ್ರಮ್ಮನೋ ನರ್ಸಮ್ಮನೋ ಒಂದು ತೀರ್ಮಾನ ಮಾಡವ್ವಾ, ಯಾವ ಟಿಕೀಟು ಹರೀಲಿ?" ಎಂದು ಕೇಳಿದ. "ಯಾವ್ದಾದ್ರೂ ಹರೀರಿ ತಾತ, ಇಳಿಯೋ ಸ್ಟಾಪು ಮಾತ್ರ ಕೇಳ್ಬೇಡಿ" ಎಂದಳು. ಅವನ ಹಿಮ್ಮಡಿಯಲ್ಲಿ ಅವನಿಗೇ ಗೊತ್ತಿಲ್ಲದ ಗಾಯ ಸಿಕ್ಕಿತು. ಅಷ್ಟಾದರೂ ನಾನು ಮೆಚ್ಚಲಿಲ್ಲ. ಕಣ್ಣು ಚುರುಕು ಅಂದುಕೊಂಡೆ, ಅಷ್ಟೆ.

ಇನ್ನು ನಿಲಯದಲ್ಲೇ ಇರುವ ನಿನ್ನ ಹಾಲತ್ತೆಯ ವಿಷಯ. ನಿಮ್ಮಪ್ಪನ ಅಕ್ಕನಿಗೆ ಸೋಮವಾರ ಶಿವಭಾವ ಬರುತ್ತದೆಂದು ನೀನು ಕೇಳಿದ್ದೀಯ, ನೋಡಿಲ್ಲ. ಬೇರೆ ದಿನ ಅವರು ಐದೂವರೆಗೆ ತಮ್ಮ ಪಾಡಿಗೆ ಲಿಂಗಪೂಜೆ ಮುಗಿಸಿ ತಿಂಡಿ ತಿನ್ನುತ್ತಾರೆ. ಸೋಮವಾರ ಹಾಗಲ್ಲ. ಹಜಾರದಲ್ಲಿ ಎಲ್ಲರೂ ಕೂಡಿ ಪೂಜೆ, ಭಜನೆ. ಪ್ರಸಾದ ಕೈಗೆ ಬರುವಾಗ ಹನ್ನೊಂದು. ಅಲ್ಲಿಯವರೆಗೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಆರು ಗಂಟೆಯ ಸಕ್ಕರೆ ಕಾಯಿಲೆ ಮಾತ್ರೆಗೆ ಒಂದು ಗುಟುಕು ನೀರು ಮಾತ್ರ. ಔಷಧಿಗೆ ದೋಷವಿಲ್ಲವೆಂದು ನಾನೇ ಮಠಕ್ಕೆ ಹೋಗಿ ಕೇಳಿಕೊಂಡು ಬಂದಿದ್ದೆ.

ಎರಡು ವರ್ಷದಿಂದ, ಹತ್ತು ಗಂಟೆ ಹೊತ್ತಿಗೆ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತ ಹಾಲತ್ತೆಯ ಮೈ ಬೆವರುತ್ತಿತ್ತು, ಕೈ ನಡುಗುತ್ತಿತ್ತು, ಕಣ್ಣು ಎಲ್ಲೋ ನಿಲ್ಲುತ್ತಿತ್ತು. ತೀರಿಹೋದವರ ಹೆಸರು ಹಿಡಿದು ಮಾತಾಡುತ್ತಿದ್ದರು. ಜನ ಅವರ ಪಾದ ಮುಟ್ಟುತ್ತಿದ್ದರು. ಲಿಂಗದಹಳ್ಳಿಯಿಂದಲೂ ಬಂದು ಹೋದವರಿದ್ದಾರೆ. ಪ್ರಸಾದದ ಬಾಳೆಹಣ್ಣು, ಸಕ್ಕರೆ ಹಾಲು ಬಾಯಿಗೆ ಬಿದ್ದ ಮೇಲೆ ನಿಧಾನವಾಗಿ ತಿಳಿಯಾಗುತ್ತಿದ್ದರು. ಪ್ರಸಾದದ ಮಹಿಮೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ನಾನು ಬಂದವರಿಗೆಲ್ಲ ಹೇಳಿದ್ದೇನೆ. ನಮ್ಮ ಮನೆತನದಲ್ಲಿ ಇಂಥ ಶರಣೆ ಇದ್ದಾಳೆಂದು ಎದೆ ಉಬ್ಬಿಸಿಕೊಂಡು ಓಡಾಡಿದ್ದೇನೆ.

ಶ್ರಾವಣದ ಮೂರನೇ ಸೋಮವಾರ, ಹನ್ನೊಂದನೇ ತಾರೀಖು. ಹಾಲತ್ತೆಯ ಮಾತು ಆವತ್ತು ಬೇಗ ನಿಂತಿತು. ತಲೆ ವಾಲಿತು, ಲಿಂಗ ಇದ್ದ ಕೈ ಪಕ್ಕಕ್ಕೆ ಜಾರಿತು. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣವೇ ಹೋದ ಹಾಗೆ, ನಿನಗೆ ಹೇಳಬೇಕಾಗಿಲ್ಲ. ನಾನು ಮೂರು ಮಾರು ದೂರದಲ್ಲಿದ್ದೆ.

ಅಷ್ಟರಲ್ಲಿ ಕಂಬದ ಹಿಂದಿನಿಂದ ನಯನ ಬಂದು ಮಂಡಿಯೂರಿದಳು. ತನ್ನ ಅಂಗೈಯನ್ನು ಹಾಲತ್ತೆಯ ಅಂಗೈಯ ಕೆಳಗೆ ಬಟ್ಟಲಿನ ಹಾಗೆ ಕೊಟ್ಟಳು. ಲಿಂಗ ಅಲುಗಲಿಲ್ಲ. ಅವಳ ಒಂದು ಬೆರಳೂ ಅದನ್ನು ಸೋಕಲಿಲ್ಲ. "ಅಮ್ಮಾರೇ, ಬನ್ನಿ, ಲಿಂಗ ನೀವೇ ತಗಳಿ. ನಾನು ಮುಟ್ಟಲ್ಲ" ಎಂದಳು. ಆಗ ನೋಡಿದೆ. ಅವಳ ತಲೆಕೂದಲು ಇನ್ನೂ ಒದ್ದೆಯಿತ್ತು, ಹಣೆಯಲ್ಲಿ ವಿಭೂತಿ ಇತ್ತು. ಮಿಂದು ಮಡಿಯಾಗದವರು ಸೋಮವಾರ ಪೂಜೆಯ ಹತ್ತಿರ ಸುಳಿಯಬಾರದೆಂದು ನಾನು ಹೇಳಿದ್ದೆನಲ್ಲ, ಅದಕ್ಕೇ ಅವಳು ಏಳು ಸೋಮವಾರದಿಂದ ಐದಕ್ಕೇ ಮಿಂದು, ತಾನೂ ಏನೂ ತಿನ್ನದೆ, ಡಾಕ್ಟರು ಕೊಟ್ಟಿದ್ದ ಸೂಜಿ ಔಷಧಿಯ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಆ ಕಂಬದ ಹಿಂದೆ ಕೂರುತ್ತಿದ್ದಳಂತೆ. ನಾನು ತಡೆಯಲು ಒಂದು ನೆಪವೂ ಉಳಿಯದ ಹಾಗೆ.

ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದಳು. ಎಪ್ಪತ್ತರ ಮೇಲಿರಬೇಕಾದದ್ದು ಮೂವತ್ತೆಂಟು. ಡಾಕ್ಟರಿಗೆ ಫೋನ್ ಹಚ್ಚಿ ನೆಲದ ಮೇಲಿಟ್ಟು ಮೂರೇ ಮಾತಿನಲ್ಲಿ ಹೇಳಿದಳು. "ಕೊಡಮ್ಮ, ನಾನಲ್ಲಿದ್ರೂ ಅದನ್ನೇ ಮಾಡ್ತಿದ್ದೆ" ಎಂದರು ಅವರು. ಒಣಗಿದ ಬಳ್ಳಿಯಂಥ ಆ ಕೈಯಲ್ಲಿ ಒಂದೇ ಸಲಕ್ಕೆ ನರ ಹಿಡಿದು ಗ್ಲೂಕೋಸ್ ಕೊಟ್ಟಳು. ದೀಪಾ, ನಾನು ಹೆರಿಗೆ ನೋಡಿದ್ದೇನೆ, ಸಾವು ನೋಡಿದ್ದೇನೆ. ಹೋಗುತ್ತಿದ್ದವರು ಕಣ್ಣೆದುರು ತಿರುಗಿ ಬಂದದ್ದನ್ನು ನೋಡಿರಲಿಲ್ಲ. ಬೂದಿಯಂತಿದ್ದ ಮುಖಕ್ಕೆ ಬಣ್ಣ ಏರಿತು. ಹಾಲತ್ತೆ ಕಣ್ಣು ಬಿಟ್ಟು ಸುತ್ತ ನೋಡಿ, "ಏನ್ರೇ ಹಿಂಗ್ ಮುತ್ಕಂಡಿದ್ದೀರಾ? ಪ್ರಸಾದ ಆಯ್ತಾ?" ಎಂದರು. ಲಕ್ಷ್ಮಣಪ್ಪ ಅಳುತ್ತಲೇ, "ನಿಮ್ ಸ್ಟಾಪು ಇನ್ನೂ ಬಂದಿಲ್ಲ ಕಣಮ್ಮ, ಕೂತ್ಕಳಿ" ಎಂದ.

ನನಗೆ ಕೈ ಮುಗಿಯಬೇಕೆನ್ನಿಸಿತು. ಹಾಲತ್ತೆಯ ಲಿಂಗ ನನ್ನ ಕೈಯಲ್ಲಿತ್ತು, ಮುಗಿಯಲಾಗಲಿಲ್ಲ.

ಸಂಜೆ ನಯನ ತನ್ನ ನೋಟ್‌ಪುಸ್ತಕ ತಂದು ತೋರಿಸಿದಳು. ತಾರೀಖು, ಹೊತ್ತು, ಬೆವರು, ನಾಡಿ. ಹಾಲತ್ತೆಯ ಮೈ ಕೆಟ್ಟ ದಿನಗಳೆಲ್ಲ ಸೋಮವಾರಗಳೇ. ಸಕ್ಕರೆ ಇಳಿಸುವ ಮಾತ್ರೆ ಆರಕ್ಕೆ, ಅನ್ನ ಹನ್ನೊಂದಕ್ಕೆ. ಶಿವಭಾವ ಎಂದು ನಾವು ಪಾದ ಮುಟ್ಟಿದ್ದು ಹಸಿದ ಮೈಯ ನಡುಕಕ್ಕೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿದೆ. "ಎರಡು ಸಲ ಹೇಳ್ದೆ ಅಮ್ಮಾರೇ. ನರ್ಸು ನರ್ಸಿನ ಕೆಲ್ಸ ನೋಡ್ಕ ಅಂದ್ರಿ. ಸೋಮವಾರ ಮಾತ್ರೆ ತಡೆದು ಕೊಡಿ ಅಂತ ಡಾಕ್ಟ್ರು ಹೇಳಿದ್ದನ್ನ ಚೀಟೀಲಿ ಬರ್ದು ನಿಮ್ಮ ಮೇಜಿನ ಮೇಲಿಟ್ಟಿದ್ದೆ" ಎಂದಳು. ಚೀಟಿ ನಾನು ನೋಡಲಿಲ್ಲ ಎಂದೆ. ಅವಳು ಪುಸ್ತಕ ಮುಚ್ಚಿದಳು.

ಹಾಗಾದರೆ ಸೋಮವಾರದ ಪೂಜೆ ಬಿಡಿಸಬೇಕೇ ಎಂದು ಕೇಳಿದೆ. ಜಗಳಕ್ಕೆ ತಯಾರಾಗಿಯೇ ಕೇಳಿದೆ. "ಪೂಜೆ ಅದರ ಟೈಮಿಗೇ ಇರ್ಲಿ ಬಿಡಿ. ಮಾತ್ರೆ ಪೂಜೆಗೆ ಕಾಯ್ಲಿ" ಎಂದಳು. ಎಪ್ಪತ್ತರ ಹತ್ತಿರ ಬಂದ ನನಗೆ ಇಷ್ಟು ಸಣ್ಣ ಮಾತು ಹೊಳೆದಿರಲಿಲ್ಲ.

ಹದಿನಾರನೇ ತಾರೀಖು ಟ್ರಸ್ಟಿನ ಸಭೆ. ನಯನಳನ್ನು ಕಳಿಸುವ ವಿಷಯವನ್ನು ಪಟ್ಟಿಯಲ್ಲಿ ಮೊದಲು ಬರೆಸಿದ್ದವಳು ನಾನೇ. ಎದ್ದು ನಿಂತು, ಸೀರೆಗಳ ಕೆಳಗಿನ ಕಾಗದ ತೆಗೆದು ಎಲ್ಲರ ಮುಂದೆ ಓದಿ ಸಹಿ ಹಾಕಿದೆ. ಔಷಧಿಯ ವಿಷಯದಲ್ಲಿ ಇನ್ನು ಅಧ್ಯಕ್ಷರ ಮಾತೂ ಅವಳ ಮಾತಿನ ಕೆಳಗೆ ಎಂದು ನನ್ನ ಕೈಯಿಂದಲೇ ಒಂದು ಸಾಲು ಸೇರಿಸಿದೆ. ಕಾರ್ಯದರ್ಶಿ ಓಂಕಾರೇಶ್ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಸೊಂಟದ ಕೀಲಿ ಬಿಚ್ಚಿ ಅವಳಿಗೆ ಕೊಟ್ಟೆ.

ನೀನು ಕಲಿಸಿದ ಕೈ ಅದು. ನಾನು ಆವತ್ತು ಫೋನಿನಲ್ಲಿ ಅಂದ ಮಾತು ತಪ್ಪು.

ಇಂತಿ, ನಿನ್ನ ದಾರಿ ನೋಡುತ್ತಿರುವ
ಅಮ್ಮ
ಮಲ್ಲಿಕಾಂಬ ಬೆನಕಪ್ಪ

ಮರೆತದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆರು ಗಂಟೆಯ ಮಾತ್ರೆ ಕೊಡುತ್ತಿದ್ದವಳು ನಾನು. ಆ ಚೀಟಿಯನ್ನೂ ನೋಡಿದ್ದೆ, ಓದಿದ್ದೆ, ಅರ್ಥವೂ ಆಗಿತ್ತು. ಆಮೇಲೂ ಎರಡು ಸೋಮವಾರ ಕೊಟ್ಟೆ. ಹಾಲತ್ತೆ ಆ ಹೊತ್ತಿನಲ್ಲಿ ಮಾತಾಡುತ್ತಿದ್ದುದು ನಿಮ್ಮಪ್ಪನ ಹತ್ತಿರ. ನಿನ್ನ ವಿಷಯದಲ್ಲಿ ನಾನು ಕಠಿಣಳಾದೆನೇ ಎಂದು ಹಾಲತ್ತೆಯ ಮೂಲಕ ಅವರನ್ನು ಕೇಳಿಸುತ್ತಿದ್ದೆ. ಅದಕ್ಕೆ ಒಂದು ದಿನವೂ ಉತ್ತರ ಬರಲಿಲ್ಲ. ನಿಮ್ಮಪ್ಪ ದಿನಾ ಮಲಗುವ ಮೊದಲು ಕೇಳುತ್ತಿದ್ದ ಹಾಗೆಯೇ, "ಬಾವಿ ಮೋಟ್ರು ಆಫ್ ಮಾಡ್ದೇನೇ ಮಲ್ಲೀ?" ಎಂದಷ್ಟೇ ಹಾಲತ್ತೆಯ ಬಾಯಲ್ಲಿ ಬರುತ್ತಿತ್ತು. ಅಷ್ಟು ಕೇಳುವುದಕ್ಕೇ ಕಾಯುತ್ತಿದ್ದೆ. ಮೊನ್ನೆ ಸೋಮವಾರ ಹಾಲತ್ತೆ ಕೈ ನಡುಗದೆ ಪೂಜೆ ಮುಗಿಸಿ, ಪ್ರಸಾದ ತಿಂದು, ಆಮೇಲೆ ಮಾತ್ರೆ ನುಂಗಿದರು. ನಿಮ್ಮಪ್ಪ ಬರಲಿಲ್ಲ. ಇದನ್ನೆಲ್ಲ ಹಾಲತ್ತೆಗೂ ನಯನಳಿಗೂ ಹೇಳಿದ್ದೇನೆ. ಹಾಲತ್ತೆ ಅತ್ತರು. ನಯನ ನನ್ನ ಕೈ ಹಿಡಿದು ನಾಡಿ ಎಣಿಸಿದಳು. ಔಷಧಿ ಬೀರುವಿನ ಇನ್ನೊಂದು ಕೀಲಿ ನನ್ನ ಹತ್ತಿರ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಅದನ್ನೂ ಅವಳಿಗೆ ಕೊಟ್ಟೆ.