ಇನ್ನೊಂದು ನಡೆ ಮುಂದೆ

ಹರಿಹರ, ೧೨ ಜೂನ್ ೧೯೬೭

ಭರಮಣ್ಣಾ,

ಇವತ್ತು ವಾಚನಾಲಯದಲ್ಲಿ ಅಂಜಿನಪ್ಪ ಮೇಷ್ಟ್ರು ಪೇಪರ್ ಓದಿ ಹೇಳಿದರು: "ಅಮೆರಿಕದಾಗ ಒಂದು ಯಂತ್ರ ಚದುರಂಗ ಆಡ್ತೈತಂತೆ. ಒಂದೊಂದು ನಡೆ ಹೆಚ್ಚು ಮುಂದೆ ನೋಡಿದಂಗೆಲ್ಲ ಆಟ ಸುಧಾರಿಸ್ತೈತಂತೆ."

"ಹಂಗೇ ಸುಧಾರಿಸ್ತಾ ಹೋಗ್ತೈತೇನ್ರಿ? ಎಲ್ಲೂ ನಿಲ್ಲಂಗಿಲ್ಲೇನು?" ಎಂದೆ. ಪೇಪರಿನತ್ತ ಬಗ್ಗಿದೆ.

"ಅದನ್ನ ಬರ್ದಿಲ್ಲ. ನಿಮಗ್ಯಾಕ ಅಷ್ಟು ಗಾಬರಿ?"

ದಾವಣಗೆರೆಯಿಂದ ನೀನು ಕಾರ್ಡಿನಲ್ಲಿ ಒಂದು ನಡೆ, ಇಲ್ಲಿಂದ ನಾನೊಂದು. ಹೀಗೆ ಆರು ವರ್ಷ ಆಡಿದೆವು. ಕೊನೆಯ ಕಾರ್ಡಿನಲ್ಲಿ ನೀನು ಕುದುರೆ ನಡೆಸಿ, ಕೆಳಗೆ "ಬ್ಯಾಗ ಬರಿ, ಮೈಯಾಗ ಹುಷಾರಿಲ್ಲ" ಎಂದು ಸೇರಿಸಿದ್ದೆ. ನಾನು ಮೇಲಿನ ಸಾಲನ್ನಷ್ಟೇ ಹಿಡಿದುಕೊಂಡು ಮಣೆಯ ಮುಂದೆ ಕೂತೆ. ಇನ್ನೊಂದು ನಡೆ ಮುಂದೆ ನೋಡೋಣ, ಮತ್ತೊಂದು ನೋಡೋಣ ಎಂದು ಎರಡು ತಿಂಗಳು ಕಳೆದೆ. ಆಮೇಲೆ ನಿನ್ನ ಮಗಳು ಉಡಚಮ್ಮನ ಕೈಬರಹದಲ್ಲಿ ನಿನ್ನ ತಿಥಿಯ ಕಾರ್ಡು ಬಂತು.

ಆ ಯಂತ್ರದ ಆಟ ಸುಧಾರಿಸುತ್ತಲೇ ಹೋಗುವುದಾದರೆ, ನಿನ್ನನ್ನು ಕಾಯಿಸಿದ್ದಕ್ಕೆ ನನಗೊಂದು ನೆಪವಾದರೂ ಸಿಕ್ಕೀತು.

ಮಣೆ ಇನ್ನೂ ಹಾಗೇ ಇದೆ. ಇವತ್ತು ಸಂಜೆ ಕಾರ್ಡಿನಲ್ಲಿ ನನ್ನ ನಡೆ ಬರೆದೆ: ಆನೆ, ಎಡಕ್ಕೆ ಎರಡು ಮನೆ. ನಿನ್ನ ಕಾರ್ಡು ಬಂದ ದಿನ, ಅಂಚೆಯವನು ಓಣಿ ದಾಟುವ ಮೊದಲೇ ನನಗೆ ಕಂಡದ್ದೂ ಅದೇ ನಡೆ.